ನೋಡುವವರನ್ನು ನಡುವೆ ನಿಲ್ಲಿಸಿದ ಕತೆ

1800ರಲ್ಲಿ ಲಂಡನ್ನಿನ ಲೈಸಿಯಂ ಎಂಬ ಪ್ರದರ್ಶನಾಲಯಕ್ಕೆ ಹೋದವರ ಕಣ್ಣೆದುರು ಶ್ರೀರಂಗಪಟ್ಟಣದ ಕೋಟೆ ಅಗಲವಾಗಿ ಬಾಗಿ ಹರಡಿಕೊಂಡಿತ್ತು. ಹಿಂದಿನ ವರ್ಷ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಕಾಳಗವನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಕಲಾವಿದ ಸುಮಾರು 120 ಅಡಿ ಉದ್ದದ ಕ್ಯಾನ್ವಾಸಿನಲ್ಲಿ ಬಿಡಿಸಿದ್ದ. ಕಾವೇರಿಯನ್ನು ಕಾಣದವನು ಬರೆದ ಚಿತ್ರವಾದರೂ, ನೋಡಿದವರಿಗೆ ಕೋಟೆಯ ಎದುರೇ ನಿಂತಂತಾಗುತ್ತಿತ್ತು.

ಈ ಬಗೆಯ ನೋಟಕ್ಕೆ ದಾರಿ ತೋರಿದವನು ರಾಬರ್ಟ್ ಬಾರ್ಕರ್. ಎಡಿನ್‌ಬರೋದ ಕಾಲ್ಟನ್ ಗುಡ್ಡದಿಂದ ಕಾಣುವ ಊರನ್ನು ಸುತ್ತಲೂ ಚಿತ್ರಿಸಿದ ಆತ 1787ರಲ್ಲಿ ಪೇಟೆಂಟ್ ಪಡೆದ. ಚಿತ್ರದಷ್ಟೇ ಪ್ರೇಕ್ಷಕರು ನಿಲ್ಲುವ ಜಾಗವೂ ಮುಖ್ಯ ಎಂಬುದು ಅವನಿಗೆ ಹೊಳೆದಿತ್ತು. ದುಂಡು ಕಟ್ಟಡದ ನಟ್ಟನಡುವೆ ಜಗಲಿ, ಅದಕ್ಕೆ ಕೆಳಗಿನಿಂದ ಹತ್ತುವ ದಾರಿ, ಮೇಲಿನಿಂದ ಬೆಳಕು, ಚಿತ್ರದ ಅಂಚು ಕಾಣದಂತೆ ಮರೆ. ಅಂಚು ಮರೆಯಾದಾಗ ಅದು ಚಿತ್ರವೆಂಬುದೂ ಮರೆತುಹೋಗುತ್ತಿತ್ತು. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ ಅಂಥದೇ ಕಟ್ಟಡ ತೆರೆಯಿತು.

ಸುತ್ತಲಿನ ನೋಟವನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕ ಇನ್ನೂ ಹಳೆಯದು. ಸುಮಾರು ಕ್ರಿ.ಶ. 100ರ ಹೊತ್ತಿಗೆ ಟೈರ್ ಪಟ್ಟಣದ ಮರೀನಸ್ ಭೂಪಟಕ್ಕೆ ಅದನ್ನು ಬಳಸಿದನೆಂದು ಟಾಲೆಮಿ ಬರೆದಿದ್ದಾನೆ. ರೇಖಾಂಶ, ಅಕ್ಷಾಂಶಗಳೆಲ್ಲ ಸರಿಸಮ ಅಂತರದ ನೇರ ಗೆರೆಗಳು. ಇಂದು ಸುತ್ತಲನ್ನೂ ತೋರುವ ಪನೋರಮಾ ಫೋಟೋ ಉಳಿಯುವುದೂ ಇದೇ ಜಾತಿಯ ಹಾಳೆಯಲ್ಲಿ. ಅಡ್ಡಕ್ಕೆ 360 ಡಿಗ್ರಿ, ಉದ್ದಕ್ಕೆ 180. ಹಾಗಾಗಿ ಚಿತ್ರದ ಅಗಲ ಎತ್ತರದ ಎರಡರಷ್ಟು.

ಕ್ಯಾಮೆರಾ ಬಂದಾಗ ಹೊಸ ತೊಡಕು ಬಂತು. ಕೈ ಚಾಚಿ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿದರೆ ಬೆರಳು ಜರುಗಿದಂತೆ ಕಾಣುತ್ತದೆ. ಕ್ಯಾಮೆರಾವನ್ನು ಅದರ ಒಡಲಿನ ಸುತ್ತ ತಿರುಗಿಸಿದರೂ ಹತ್ತಿರದ ಕಂಬ ಹೀಗೆಯೇ ಜರುಗಿ, ಸುತ್ತಲೂ ತೆಗೆದು ಕೂಡಿಸಿದ ಫೋಟೋಗಳ ಹೊಲಿಗೆ ಬಿಡುತ್ತದೆ. ಲೆನ್ಸಿಗೆ ಬೆಳಕು ಒಳಹೊಗುವ ಬಿಂದುವಿನ ಸುತ್ತ ತಿರುಗಿಸಿದಾಗ ಮಾತ್ರ ಕಂಬ ಅಲುಗದು. ಫೋಟೋಗಳನ್ನು ಕೂಡಿಸುವ ಲೆಕ್ಕವನ್ನು ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ 1998ರಲ್ಲಿ ‘ಪನೋರಮಾ ಟೂಲ್ಸ್’ ತಂತ್ರಾಂಶದ ಮೂಲಕ ಎಲ್ಲರ ಕೈಗಿತ್ತರು.

ಅದಕ್ಕೂ ಮೊದಲೇ, 1995ರಲ್ಲಿ, ಆಪಲ್‌ನ ಕ್ವಿಕ್‌ಟೈಮ್ ವಿಆರ್ ಪನೋರಮಾವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸಿತ್ತು. ವೆಬ್‌ನಲ್ಲಿ ನೋಡಲು ಪ್ಲಗಿನ್ ಬೇಕಿತ್ತು. 2011ರಲ್ಲಿ ಬ್ರೌಸರಿನಲ್ಲೇ ಮೂರು ಆಯಾಮದ ಚಿತ್ರ ಮೂಡಿಸುವ ವೆಬ್‌ಜಿಎಲ್ ಬಂದ ಮೇಲೆ ಆ ಕೆಲಸ ಬ್ರೌಸರಿನದೇ ಆಯಿತು. ಅದು ಚಿತ್ರವನ್ನು ಗೋಳದ ಒಳಮೈಗೆ ಅಂಟಿಸಿ, ನಮ್ಮ ಕಣ್ಣನ್ನು ನಡುವೆ ಇಡುತ್ತದೆ. ದೊಡ್ಡ ಚಿತ್ರವನ್ನು ತುಂಡು ಮಾಡಿಟ್ಟರೆ, ನೋಡುತ್ತಿರುವ ಕಡೆಯ ತುಂಡುಗಳಷ್ಟೇ ಇಳಿಯುತ್ತವೆ. ಅದೇ 2011ರಲ್ಲಿ ಬೆಂಗಳೂರಿಗೆ ಬಂದು ಪೊಲೀಸರ ಆಕ್ಷೇಪದಿಂದ ನಿಂತಿದ್ದ ಗೂಗಲ್ ಸ್ಟ್ರೀಟ್ ವ್ಯೂ, 2022ರ ಜುಲೈಯಲ್ಲಿ ಮರಳಿತು.

ವಿಜಯನಗರದ ಕಲ್ಯಾಣ ಮಂಟಪವೊಂದರ ವೆಬ್‌ಸೈಟಿಗೆ ಇಂಥ ಪನೋರಮಾಗಳ ಟೂರ್ ಕಟ್ಟಿಕೊಡುವವರ ಮುಂದೆಯೂ ಇರುವುದು ಬಾರ್ಕರನ ಪ್ರಶ್ನೆಯೇ: ನೋಡುವವರನ್ನು ಎಲ್ಲಿ ನಿಲ್ಲಿಸುವುದು? ಟ್ರೈಪಾಡ್ ವೇದಿಕೆಯ ಮೇಲಿದ್ದರೆ ಕಾಣುವುದು ಮಾಲೀಕರ ಹೆಮ್ಮೆ. ಹಿಂದಿನ ಸಾಲಿನಲ್ಲಿದ್ದರೆ, ಅಲ್ಲಿ ಕೂರುವ ಅಜ್ಜಿಗೆ ಕಂಬ ಅಡ್ಡ ಬರುತ್ತದೋ ಇಲ್ಲವೋ ಎಂಬುದು ಕಾಣುತ್ತದೆ. ಊಟದ ಹಾಲ್‌ಗೆ ಇಳಿಯುವ ಮೆಟ್ಟಿಲಲ್ಲೂ ಒಂದು ನಿಲುಗಡೆ ಇರಲಿ. ಬಾಗಿಲಿನ ಗುರುತು ಮುಟ್ಟಿದರೆ ಆ ಬಾಗಿಲಿನಾಚೆಗೇ ಹೋಗಲಿ. ನೆರೆಮನೆಯ ಕಿಟಕಿ, ಕೆಲಸದವರ ಮುಖ ಸೆರೆಯಾಗಿದ್ದರೆ ಮಸುಕಾಗಿಸಲಿ. ಸಾಮಾನ್ಯ ಫೋಟೋಕ್ಕೆ ಮೂಲೆಯನ್ನು ಆರಿಸುವ ಸ್ವಾತಂತ್ರ್ಯವಿದೆ. ಪನೋರಮಾಕ್ಕೆ ಆರಿಸಲು ಸಿಗುವುದು ನಿಲ್ಲುವ ಜಾಗ ಮಾತ್ರ. ಆ ಆಯ್ಕೆಯನ್ನು ಮಂಟಪವನ್ನು ಬಾಡಿಗೆಗೆ ಪಡೆಯುವವರ ಪರವಾಗಿ ಮಾಡಿ.