ಬಳ್ಳಾರಿಯ ಮೊಳೆ, ಕನ್ನಡದ ಪತ್ರಿಕೆ

ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಎಲ್ಲರ ಬಾಯಲ್ಲೂ ಮಂಗಳೂರು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಅದೇ ದಿನ ‘ಮಂಗಳೂರ ಸಮಾಚಾರ’ ಹೊರಡಿಸಿದ್ದರಿಂದ ಅದು ಸರಿಯೇ. ಆದರೆ ವರ್ಷ ತುಂಬುವ ಮೊದಲೇ ಆ ಪಾಕ್ಷಿಕ ಘಟ್ಟ ಹತ್ತಿ ಬಳ್ಳಾರಿಗೆ ಬಂದಿತ್ತೆಂಬುದು ದೇಶನೂರು, ಸಿರುಗುಪ್ಪ, ಕುರುಗೋಡಿನ ನಮ್ಮ ಮಕ್ಕಳಿಗಾದರೂ ಗೊತ್ತಿರಬೇಕು.

ಮಂಗಳೂರಿನಲ್ಲಿ ಮೋಗ್ಲಿಂಗರ ಬಾಸೆಲ್ ಮಿಷನ್ನಿನವರ ಹತ್ತಿರ ಆಗ ಇದ್ದದ್ದು ಕಲ್ಲಚ್ಚು. ಜಿಡ್ಡಿನ ಶಾಯಿಯಲ್ಲಿ ಪುಟಪುಟವನ್ನೂ ಕೈಯಲ್ಲೇ ಬರೆದು, ನುಣುಪು ಕಲ್ಲಿಗೆ ಇಳಿಸಿ, ನೀರು ಸವರಿ ಮಸಿ ಹಚ್ಚಬೇಕು. ಬಳ್ಳಾರಿಯಲ್ಲಾದರೋ ಕನ್ನಡದ ಸೀಸದ ಮೊಳೆಗಳಿದ್ದವು. 1844ರಲ್ಲಿ ಪತ್ರಿಕೆ ಇಲ್ಲಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಮೂಡಿತು. ಬಹುಕಾಲ ಬಾಳಲಿಲ್ಲ, ನಿಜ. ಆದರೂ ಊರಿನ ಹೆಸರು ಬಿಟ್ಟು ಭಾಷೆಯ ಹೆಸರು ಹೊತ್ತದ್ದು ಬಳ್ಳಾರಿಯಲ್ಲೇ. ನನಗೆ ಅದು ದೊಡ್ಡ ಸಂಗತಿ.

ಆ ಮೊಳೆಗಳ ಹಿಂದೆ ಲಂಡನ್ ಮಿಷನರಿ ಸೊಸೈಟಿಯ ಅಚ್ಚುಕೂಟವಿತ್ತು. ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದು, ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. ಜೊತೆಗಾರ ವಿಲಿಯಂ ರೀವ್ ನಿಘಂಟು ಕಟ್ಟಿದರು. ಆದರೆ 1824ರಲ್ಲಿ ಆ ನಿಘಂಟನ್ನು ಅಚ್ಚುಮಾಡಿಸಲು ಮದರಾಸಿಗೇ ಹೋಗಬೇಕಾಯಿತು. ಊರಲ್ಲೇ ಅಚ್ಚುಕೂಟ ನಿಂತದ್ದು ಆ ದಶಕದಲ್ಲಿ.

ಅಲ್ಲಿಯ ದುಡಿಮೆ ಸುಲಭದ್ದಲ್ಲ. ಇಂಗ್ಲಿಷಿಗೆ ದೊಡ್ಡದು, ಚಿಕ್ಕದು ಸೇರಿ ಐವತ್ತೆರಡು ಅಕ್ಷರವಾದರೆ ಆಯಿತು. ಕನ್ನಡಕ್ಕೆ ಕಾಗುಣಿತವೂ ಬೇಕು, ಒತ್ತಕ್ಷರಗಳೂ ಬೇಕು, ಮೊಳೆಗಳು ನೂರಾರು. ಮೊಳೆ ಜೋಡಿಸುವವನು ನಿಂತಲ್ಲೇ ನಿಂತು, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳನ್ನು ಬೆರಳಲ್ಲೇ ಗುರುತಿಸಿ ಸಾಲು ಕಟ್ಟಬೇಕು. ಕರಡು ತಿದ್ದಿ, ಪುಟ ಬಿಗಿದು, ಕಾಗದ ಒದ್ದೆ ಮಾಡಿ ಇಡಬೇಕು. ಒಬ್ಬ ಮಸಿ ಹಚ್ಚಿದರೆ ಇನ್ನೊಬ್ಬ ಸನ್ನೆ ಎಳೆಯಬೇಕು. ಅಚ್ಚಾದ ಮೇಲೆ ಮೊಳೆ ಬಿಡಿಸಿ, ತೊಳೆದು, ಒಂದೊಂದನ್ನೂ ಅದರದರ ಗೂಡಿಗೆ ಹಾಕಬೇಕು. ಒಂದು ಒತ್ತಕ್ಷರ ಗೂಡು ತಪ್ಪಿತೆಂದರೆ ಮುಂದಿನ ಪುಟದಲ್ಲಿ ತಪ್ಪು ಖಂಡಿತ. ಪುಸ್ತಕಗಳ ಮುಖಪುಟದಲ್ಲಿ ಅನುವಾದಕರಿಗೆ, ಅಚ್ಚುಕೂಟಕ್ಕೆ ಜಾಗವಿತ್ತು, ಈ ಕೈಗಳಿಗೆ ಇರಲಿಲ್ಲ. ಆ ಅನ್ಯಾಯ ಈಗಲೂ ಚುಚ್ಚುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದ ಬಳ್ಳಾರಿ ಮದರಾಸು ಪ್ರಾಂತ್ಯದ ಜಿಲ್ಲಾ ಕೇಂದ್ರ. ಜೊತೆಗೆ ದೊಡ್ಡ ದಂಡು. ಕಚೇರಿಗೆ ಕಾಗದ, ಶಾಯಿ, ನಮೂನೆಗಳು ಬೇಕು. ಶಾಲೆಗೆ ಪುಸ್ತಕ ಬೇಕು. 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆ ಇಂದಿಗೂ ಇದೆ. ಓದು, ಕಾಗದ, ಅಚ್ಚು ಮೂರೂ ಒಂದೇ ಊರಲ್ಲಿ ಒಟ್ಟಿಗೆ ಬೆಳೆದವು.

ನಿಮ್ಮ ಮನೆಯ ಅಟ್ಟದಲ್ಲೋ ಹಳೇ ಟ್ರಂಕಿನಲ್ಲೋ ಬಳ್ಳಾರಿಯಲ್ಲಿ ಅಚ್ಚಾದ ಹಳೆಯ ಪುಸ್ತಕ ಸಿಕ್ಕರೆ ದಯವಿಟ್ಟು ರದ್ದಿಗೆ ತೂಗಿಸಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮ್ಮ ಪಕ್ಕದಲ್ಲೇ ಇದೆ, ಅಲ್ಲಿಯವರಿಗೆ ಒಮ್ಮೆ ತೋರಿಸಿ.