ಕೊಳೆತ ಮರದ ಹುಳು: ಶತ್ರು ಯಾವುದು, ನಿರುಪದ್ರವಿ ಯಾವುದು?

ಮಲೆನಾಡಿನ ಕಾಡಂಚಿನ ತೋಟಗಳಲ್ಲಿ ದೊಡ್ಡ ಸೊಳ್ಳೆಯಂತಹ ಕೀಟವೊಂದು ಸಂಜೆ ದೀಪಕ್ಕೆ ಬರುವುದನ್ನು ರೈತ ಬಾಂಧವರು ನೋಡಿರಬಹುದು. ಇದರ ದೇಹ ಸಪೂರ, ಕಾಲುಗಳು ಬಹು ಉದ್ದ; ಹಿಡಿದರೆ ಕಾಲೇ ಕಳಚಿ ಬರುತ್ತದೆ. ಇದು ಸೊಳ್ಳೆಯಲ್ಲ, ಟಿಪುಲಿಡೆ ಕುಟುಂಬದ ಕ್ರೇನ್ ನೊಣ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ.

ಈ ಗುಂಪಿನ ಹಲವು ಪ್ರಭೇದಗಳು ಬಿದ್ದು ಕೊಳೆಯುತ್ತಿರುವ ತೇವದ ಮರದಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳುಗಳು ಮೆತ್ತಗಾದ ಮರವನ್ನೂ ಅದರಲ್ಲಿ ಬೆಳೆದ ಶಿಲೀಂಧ್ರವನ್ನೂ ತಿಂದು ಪುಡಿಮಾಡುತ್ತವೆ. ಹೀಗೆ ಸತ್ತ ಮರ ಮಣ್ಣು ಸೇರಲು ನೆರವಾಗುತ್ತವೆ. ಕೊಳೆತ ಮರವನ್ನೇ ತಿಂದು ಬೆಳೆಯುವ ಇವುಗಳಿಂದ ತೋಟದ ಗಿಡಗಳಿಗೆ ಹಾನಿಯಿಲ್ಲ.

ಆದರೆ ಕೊಳೆತ ತೆಂಗಿನ ಕಾಂಡದಲ್ಲಿ ತೆಂಗಿನ ಸುಳಿ ಕೊರೆಯುವ ರೈನೋಸಿರಸ್ ದುಂಬಿಯ ಗೊಣ್ಣೆಹುಳುವೂ ಬೆಳೆಯುತ್ತದೆ. ಆದ್ದರಿಂದ ಎರಡನ್ನೂ ಬೇರ್ಪಡಿಸಿ ಗುರುತಿಸಬೇಕು.

ಗೊಣ್ಣೆಹುಳು: ದಪ್ಪನಾಗಿ, ಬೆಳ್ಳಗೆ, ಅರ್ಧಚಂದ್ರಾಕಾರವಾಗಿ ಬಾಗಿರುತ್ತದೆ. ಕಂದು ತಲೆ ಹಾಗೂ 3 ಜೊತೆ ಕಾಲುಗಳಿರುತ್ತವೆ.

ಕ್ರೇನ್ ನೊಣದ ಮರಿ: ಕೊಳವೆಯಂತೆ ನೀಳವಾಗಿರುತ್ತದೆ, ಕಾಲುಗಳಿಲ್ಲ. ತಲೆಯನ್ನು ದೇಹದೊಳಕ್ಕೆ ಎಳೆದುಕೊಳ್ಳುತ್ತದೆ. ಹಿಂತುದಿಯಲ್ಲಿ 2 ಉಸಿರಾಟದ ರಂಧ್ರಗಳು ಚುಕ್ಕೆಗಳಂತೆ ಕಾಣುತ್ತವೆ.

ಗೊಣ್ಣೆಹುಳು ಕಂಡರೆ ಹೆಕ್ಕಿ ನಾಶಪಡಿಸಿರಿ. ಸತ್ತ ತೆಂಗಿನ ಕಾಂಡ, ಬುಡಗಳನ್ನು ತೋಟದಲ್ಲಿ ಉಳಿಸಬೇಡಿರಿ. ಈ ಹುಳು ತಿಪ್ಪೆಯಲ್ಲಿಯೂ ಬೆಳೆಯುವುದರಿಂದ ಅಲ್ಲಿ ಮೆಟಾರೈಜಿಯಂ ಶಿಲೀಂಧ್ರವನ್ನು ಬಳಸಬಹುದು. ಕಾಡುಮರದ ಕೊಳೆತ ದಿಮ್ಮಿಯಲ್ಲಿ ಕ್ರೇನ್ ನೊಣದ ಮರಿಗಳು ಮಾತ್ರ ಇದ್ದರೆ ಕೀಟನಾಶಕಕ್ಕೆ ಹಣ ಸುರಿಯಬೇಡಿರಿ, ದಿಮ್ಮಿಗೆ ಬೆಂಕಿಯನ್ನೂ ಹಚ್ಚಬೇಡಿರಿ. ಅದು ಅಲ್ಲಿಯೇ ಕೊಳೆತು ಮಣ್ಣಾಗಲಿ.