ಚಾಕುಗಳ ಆಯ್ಕೆಯ ವಿಚಾರ

ಹೊಳವನಹಳ್ಳಿಯ ಸುತ್ತಿನ ಸೀಮೆಯಲ್ಲಿ ಅಲಗಿಲ್ಲದ ಮನೆಯೊಂದೂ ಇರಲಾರದು. ಜಯಮಂಗಲಿಯ ಬಯಲಿನ ತೆಂಗು ಅಡಕೆಯ ತೋಟಗಳಲ್ಲಿ ಮಚ್ಚು, ಹೊಲದಲ್ಲಿ ಕುಡುಗೋಲು, ಅಡಿಗೆಯ ಮನೆಯಲ್ಲಿ ಈಳಿಗೆಮಣೆ, ಹಿರಿಯರ ಎಲೆಯಡಕೆಯ ಸಂಚಿಯಲ್ಲಿ ಅಡಕತ್ತರಿ, ಹೀಗೆ ಒಂದೊಂದು ಕೆಲಸಕ್ಕೂ ಒಂದೊಂದು ಅಲಗನ್ನು ನಮ್ಮ ಹಿರಿಯರು ಗೊತ್ತುಮಾಡಿಟ್ಟಿದ್ದಾರೆ. ಇವುಗಳನ್ನು ಆಯ್ದುಕೊಳ್ಳುವಾಗ ಯಾರೂ ಮೋಸಹೋಗುವುದಿಲ್ಲ. ಏಕೆಂದರೆ ಮಾಡಿದವನು ಊರಿನವನೇ, ಕೆಟ್ಟರೆ ಮರುದಿನ ಅವನ ಕುಲುಮೆಯ ಮುಂದೆ ಹೋಗಿ ನಿಲ್ಲಬಹುದು. ಆದರೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ ಒಂದು ಸಣ್ಣ ಚಾಕುವನ್ನು ಕೊಳ್ಳಹೊರಟ ಗೃಹಸ್ಥನ ಪಾಡು ಬೇರೆಯೇ ಆಗಿದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವುದೆಲ್ಲವೂ ಒಳ್ಳೆಯದಾಗಿಯೇ ಕಾಣುವುದು. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸಿಕೊಳ್ಳುವವರಿಗಂತೂ ಕೈಯಲ್ಲಿ ಹಿಡಿದು ನೋಡುವ ಅನುಕೂಲವೂ ಇಲ್ಲ.

ಇತ್ತೀಚೆಗೆ ಭಾನುವಾರಗಳಂದು ಸಿದ್ಧರಬೆಟ್ಟಕ್ಕೂ, ದೇವರಾಯನದುರ್ಗಕ್ಕೂ, ಮಧುಗಿರಿಯ ಏಕಶಿಲೆಯ ಕೋಟೆಗೂ, ಚನ್ನರಾಯನದುರ್ಗಕ್ಕೂ ಹತ್ತುವ ತರುಣರ ಸಂಖ್ಯೆ ಹೆಚ್ಚಿದೆ. ಇವರ ಸೊಂಟದಲ್ಲಿ ತೂಗಾಡುವ ಕತ್ತಿಗಳನ್ನು ಕಂಡರೆ ಬೆಟ್ಟವನ್ನು ಹತ್ತುವುದಕ್ಕೆ ಹೊರಟವರೋ ದಂಡೆತ್ತಿ ಹೊರಟವರೋ ಎಂದು ಸಂದೇಹವಾಗುತ್ತದೆ. ಮನೆಯಲ್ಲಿ ಇಂತಹ ತರುಣರಿರುವ ವಾಚಕರಿಗೆ ಉಪಯೋಗವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ಈ ನೆಲದ ಉಕ್ಕಿನ ವಿಚಾರವನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಧುಗಿರಿ ಚನ್ನರಾಯನದುರ್ಗಗಳ ಕಡೆಯಲ್ಲಿ ಕಬ್ಬಿಣವನ್ನು ಕರಗಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನು ವಿಸ್ತಾರವಾಗಿ ಬರೆದಿಟ್ಟಿದ್ದಾನೆ. ಮಳೆಯ ನೀರು ಬೆಟ್ಟಗಳಿಂದ ಹೊತ್ತು ತರುವ ಕಪ್ಪು ಮರಳೇ ಇಲ್ಲಿ ಅದಿರು. ಆ ಮರಳನ್ನು ಇದ್ದಲಿನೊಡನೆ ಕುಲುಮೆಗೆ ಹಾಕಿ, ತಿದಿಯೊತ್ತಿ, ಕಬ್ಬಿಣವನ್ನು ತೆಗೆಯುತ್ತಿದ್ದರು. ಬಳಿಕ ಆ ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಉರಿಯಲ್ಲಿ ಕಾಸಿದರೆ ಕಡ್ಡಿಯ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುವುದು. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಆ ತಂಗಡಿಯೇ! ದಕ್ಷಿಣ ಹಿಂದೂಸ್ಥಾನದಿಂದ ಹೋದ ಇಂತಹ ಮೂಸೆಯ ಉಕ್ಕನ್ನು ಇಂಗ್ಲೆಂಡಿನವರು ‘ವೂಟ್ಸ್’ ಎಂದು ಕರೆದರು; ಅದು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಇದನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧವನ್ನೋದಿದನು. ಅಲ್ಲಿನ ಪ್ರಸಿದ್ಧ ಚಾಕು ತಯಾರಕನಾದ ಜೇಮ್ಸ್ ಸ್ಟೋಡರ್ಟ್ ಸೂಕ್ಷ್ಮವಾದ ಅಲಗುಗಳಿಗೆ ಈ ಉಕ್ಕನ್ನೇ ಮೆಚ್ಚಿಕೊಂಡನು. ಅವನೊಡನೆ ಸೇರಿ ಮೈಕೆಲ್ ಫ್ಯಾರಡೆಯು ಇದರ ಗುಟ್ಟನ್ನರಿಯಲು ಪ್ರಯೋಗಗಳನ್ನು ನಡೆಸಿದನು. ಇಂದು ಆ ಕುಲುಮೆಗಳು ಆರಿವೆ. ಊರಿನ ಕಮ್ಮಾರನು ಈಗ ಮಚ್ಚು ಮಾಡುವುದು ಹಳೆಯ ಲಾರಿಯ ಸ್ಪ್ರಿಂಗು ಪಟ್ಟಿಯಿಂದ. ಇದನ್ನು ಕೇಳಿ ಮೂಗು ಮುರಿಯಬೇಕಾದುದಿಲ್ಲ; ಆ ಪಟ್ಟಿಯು ನಿಜವಾಗಿಯೂ ಒಳ್ಳೆಯ ಉಕ್ಕು.

ಇನ್ನು ಆಯ್ಕೆಯ ವಿಚಾರ. ಅಂಗಡಿಯಲ್ಲಿ ದೊರೆಯುವ ಅಲಗುಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಕಮ್ಮಾರನು ಬಳಸುವಂತಹ ಸಾಧಾರಣ ಉಕ್ಕು. ಇದು ಬೇಗ ಹರಿತವಾಗುವುದು, ಸಾಣೆಗೆ ಸುಲಭವಾಗಿ ಒಗ್ಗುವುದು. ಆದರೆ ನಿಂಬೆ, ಮಾವು, ಹುಣಿಸೆಗಳ ಹುಳಿ ತಾಕಿದೊಡನೆ ಕಪ್ಪಾಗುವುದು, ಒದ್ದೆಯಾಗಿ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುವುದು. ಇನ್ನೊಂದು, ಸ್ಟೇನ್‌ಲೆಸ್ ಎಂಬ ತುಕ್ಕು ಹಿಡಿಯದ ಉಕ್ಕು. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯು 1913ರಲ್ಲಿ ಇದನ್ನು ಕಂಡುಹಿಡಿದನೆಂದು ಪ್ರಸಿದ್ಧಿ. ಚಾಕುವಿನ ಇಂತಹ ಉಕ್ಕಿನಲ್ಲಿ ನೂರಕ್ಕೆ ಸುಮಾರು 13 ಭಾಗದಷ್ಟೋ ಅದಕ್ಕೂ ಹೆಚ್ಚೋ ಕ್ರೋಮಿಯಂ ಬೆರೆತಿರುತ್ತದೆ. ಬೆಟ್ಟದಲ್ಲಿ ಬೆವರು ಮಳೆಗಳ ನಡುವೆ ಇಟ್ಟುಕೊಳ್ಳುವುದಕ್ಕೂ, ಹಣ್ಣು ಹೆಚ್ಚುವುದಕ್ಕೂ, ಒರಸಿಡುವ ಅಭ್ಯಾಸವಿಲ್ಲದ ಹುಡುಗರ ಕೈಗೂ ಇದೇ ಮೇಲು. ತೋಟದ ಕೆಲಸಕ್ಕಾದರೆ ಕಮ್ಮಾರನ ಅಲಗನ್ನು ಬಿಟ್ಟು ಬೇರೆಯದನ್ನು ನಾವು ಹೇಳೆವು. ಅಗ್ಗದ ಸ್ಟೇನ್‌ಲೆಸ್ ಚಾಕುಗಳಲ್ಲಿ ಅನೇಕವು ಹೊಳಪನ್ನು ಬಿಟ್ಟು ಬೇರಾವ ಗುಣವನ್ನೂ ಪಡೆದಿಲ್ಲ. ನಾಲ್ಕು ಸೌತೆಕಾಯಿ ಹೆಚ್ಚುವುದರೊಳಗೆ ಅವುಗಳ ಬಾಯಿ ಮಡಿಸಿಕೊಳ್ಳುತ್ತದೆ.

ಅಲಗಿನ ಉದ್ದದ ವಿಷಯದಲ್ಲಿ ಜನರಿಗಿರುವಷ್ಟು ಭ್ರಾಂತಿ ಮತ್ತಾವುದರಲ್ಲಿಯೂ ಇಲ್ಲ. ದಿನದ ಬಳಕೆಯಲ್ಲಿ ಚಾಕುವಿಗೆ ಬರುವ ಕೆಲಸವಾದರೂ ಏನು? ಪೊಟ್ಟಣದ ದಾರ ಕತ್ತರಿಸುವುದು, ಹಣ್ಣು ಸೀಳುವುದು, ಸೀಸದಕಡ್ಡಿ ಹೆರೆಯುವುದು, ಹಗ್ಗ ಕೊಯ್ಯುವುದು, ಬೆಟ್ಟದ ಮೇಲೆ ಬುತ್ತಿಯ ಈರುಳ್ಳಿ ಹೆಚ್ಚುವುದು. ಇವೆಲ್ಲಕ್ಕೂ ಎರಡೂವರೆಯಿಂದ ಮೂರು ಅಂಗುಲದ ಅಲಗು ಧಾರಾಳವಾಗಿ ಸಾಕು. ಎಳನೀರು ಕೆತ್ತಲು ಮಚ್ಚೇ ಬೇಕು. ಅದನ್ನು ಮಾರುವವನ ಬಳಿಯೇ ಅದಿರುತ್ತದೆ. ಉದ್ದದ ಕತ್ತಿಯಿಂದ ಕಾನೂನಿನ ತೊಡಕೂ ಉಂಟು. 1959ರ ಶಸ್ತ್ರ ಕಾಯಿದೆಯ ನಿಯಮಗಳಲ್ಲಿ, ಮನೆವಾರ್ತೆ ಬೇಸಾಯ ಮೊದಲಾದ ಕೆಲಸಗಳಿಗಾಗಿ ಮಾಡಿದವುಗಳನ್ನು ಬಿಟ್ಟು, 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಕತ್ತಿಗಳನ್ನು ಆಯುಧಗಳ ಸಾಲಿಗೆ ಸೇರಿಸಿದ್ದಾರೆ. ತೋಟಕ್ಕೆ ಹೊರಟ ರೈತನ ಮಚ್ಚನ್ನು ಯಾರೂ ಕೇಳುವುದಿಲ್ಲ. ಜಾತ್ರೆಯ ಗುಂಪಿನಲ್ಲಿ ಕಠಾರಿಯಂತಹುದನ್ನು ಸಿಕ್ಕಿಸಿಕೊಂಡು ತಿರುಗುವ ಹುಡುಗನನ್ನು ಕೇಳದೆ ಬಿಡುವುದೂ ಇಲ್ಲ.

ಕಾಡಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ ಸೀಮೆಯ ಬಂಡೆಗಳ ನಡುವೆ ಕರಡಿ ಚಿರತೆಗಳ ವಾಸವುಂಟು. ತಿಮ್ಲಾಪುರದ ಕಾಡು ವನ್ಯಜೀವಿಧಾಮವಾಗಿದೆ. 1972ರ ವನ್ಯಜೀವಿ ರಕ್ಷಣಾ ಕಾಯಿದೆಯ ಪ್ರಕಾರ, ಲಿಖಿತವಾದ ಅಪ್ಪಣೆಯಿಲ್ಲದೆ ಇಂತಹ ಧಾಮಗಳೊಳಗೆ ಆಯುಧವನ್ನು ಕೊಂಡೊಯ್ಯಕೂಡದು. ಆ ಕಾಯಿದೆಯು ‘ಆಯುಧ’ವೆಂದು ಹೆಸರಿಸಿರುವವುಗಳಲ್ಲಿ ಚಾಕುವೂ ಸೇರಿದೆ. ಆದಕಾರಣ ಧಾಮದೊಳಕ್ಕೆ ಹೋಗುವ ದಿನ ಚಾಕು ಮನೆಯಲ್ಲಿಯೇ ಇರತಕ್ಕದ್ದು. ಕರಡಿ ಬಂದರೆ ಗತಿಯೇನೆಂದು ಕೇಳುವವರುಂಟು. ಮೂರು ಅಂಗುಲದ ಅಲಗಾಗಲಿ ಹನ್ನೆರಡು ಅಂಗುಲದ ಅಲಗಾಗಲಿ ಕರಡಿಯ ಮುಂದೆ ಪ್ರಯೋಜನಕ್ಕೆ ಬಾರದು. ಮುಂಜಾನೆ ಮುಸ್ಸಂಜೆಗಳಲ್ಲಿ ಪೊದೆಗಳ ನಡುವೆ ಒಂಟಿಯಾಗಿ ಹೋಗದಿರುವುದೂ, ಗುಂಪಾಗಿ ಮಾತನಾಡುತ್ತ ನಡೆಯುವುದೂ ಅದಕ್ಕೆ ಉಪಾಯ. ವಿಮಾನದಲ್ಲಿ ಪ್ರಯಾಣ ಮಾಡುವವರೂ ಚಾಕುವನ್ನು ಕೈಚೀಲದಲ್ಲಿಡಬಾರದು. ಸಾಮಾನಿನೊಡನೆ ಒಪ್ಪಿಸುವ ಪೆಟ್ಟಿಗೆಯಲ್ಲಿಡಬೇಕು. ಇದನ್ನು ಮರೆತು ತಪಾಸಣೆಯ ಕಟ್ಟೆಯಲ್ಲಿ ತಾತನ ಕಾಲದ ಚಾಕುವನ್ನು ಬಿಟ್ಟುಬಂದವರಿದ್ದಾರೆ.

ಮಡಿಸುವ ಚಾಕುವನ್ನು ಕೊಳ್ಳುವಾಗ ಮೊದಲು ನೋಡಬೇಕಾದುದು ಅಲಗನ್ನಲ್ಲ, ಕೀಲನ್ನು. ಚಾಕುವನ್ನು ತೆರೆದು, ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿರಿ. ಸಡಿಲವಾಗಿದ್ದರೆ ಅದನ್ನು ಅಲ್ಲಿಯೇ ಇಟ್ಟುಬಿಡಿರಿ. ಬೆರಳು ಕೊಯ್ದುಕೊಳ್ಳುವವರಲ್ಲಿ ಎಷ್ಟೋ ಮಂದಿ ಒತ್ತುವಾಗ ಅಲಗು ತಟ್ಟನೆ ಮಡಿಚಿಕೊಂಡು ಗಾಯಮಾಡಿಕೊಂಡವರೇ. ತೆರೆದ ಅಲಗನ್ನು ಹಿಡಿದು ನಿಲ್ಲಿಸುವ ಬೀಗವಿದ್ದರೆ ಈ ಭಯ ಕಡಮೆ. ಫ್ರಾನ್ಸಿನ ಒಪಿನೆಲ್ ಎಂಬ ಮರದ ಹಿಡಿಯ ಚಾಕು 1890ರಿಂದ ಬಂದುದಾದರೂ, ತಿರುಗಿಸಿ ಬಿಗಿಮಾಡುವ ಉಕ್ಕಿನ ಬಳೆಯನ್ನು 1955ರಲ್ಲಿ ಅದಕ್ಕೆ ಸೇರಿಸಿದರು. ಇಷ್ಟು ಸರಳವಾದ ಬೀಗವು ಮತ್ತೊಂದಿಲ್ಲ. ಮಡಿಸದ ಕತ್ತಿಯಾದರೆ, ಅಲಗಿನ ಬಾಲವು ಹಿಡಿಯ ಕೊನೆಯವರೆಗೂ ಹೋಗಿದೆಯೇ, ಇಲ್ಲವೆ ಒಂದು ಅಂಗುಲದಷ್ಟೇ ಹೊಕ್ಕು ಅಂಟಿನಿಂದ ನಿಂತಿದೆಯೇ ಎಂಬುದನ್ನು ನೋಡಬೇಕು. ಹಿಡಿಯು ಒದ್ದೆಗೈಯಲ್ಲಿಯೂ ಜಾರದಂತಿರಬೇಕು. ಬಣ್ಣ, ಕೆತ್ತನೆ, ಹುಲಿಯ ಚಿತ್ರ ಇವುಗಳಿಗೆ ಕೊಡುವ ಹಣ ದಂಡ.

ಅನೇಕ ಸಾಧನಗಳನ್ನು ಒಂದರಲ್ಲಿಯೇ ಅಡಕಮಾಡುವ ಯೋಚನೆ ಹೊಸದೆಂದು ತಿಳಿಯಬಾರದು. ನಮ್ಮ ಕುರಿಗಾಹಿಗಳ ಉಡಿದಾರದಲ್ಲಿ ಮುಳ್ಳು ಕೀಳುವ ಚಿಮಟ, ಮುಳ್ಳನ್ನು ಕೆದಕುವ ಮೊನೆ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಇವು ಮೂರೂ ಒಂದೇ ಬಳೆಯಲ್ಲಿ ತೂಗುತ್ತಿದ್ದುವು. ಜಾಲಿಯ ಮುಳ್ಳಿನ ಈ ಬಯಲುಸೀಮೆಗೆ ಅದಕ್ಕಿಂತ ತಕ್ಕ ಸಾಧನವಾವುದು? ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ 1884ರಲ್ಲಿ ಕಾರ್ಖಾನೆ ತೆರೆದ ಕಾರ್ಲ್ ಎಲ್ಸನರ್, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿದನು. ಅದರಲ್ಲಿದ್ದುದು ಅಲಗು, ತೂತು ಕೊರೆಯುವ ಮೊನೆ, ಡಬ್ಬಿ ತೆರೆಯುವ ಕೊಕ್ಕು, ಬಂದೂಕನ್ನು ಬಿಚ್ಚಲು ತಿರುಪುಳಿ, ಇಷ್ಟೇ. 1897ರಲ್ಲಿ ಹಗುರವಾದ ಇನ್ನೊಂದು ಬಗೆ ಹೊರಟಿತು. ಲೋಕಪ್ರಸಿದ್ಧವಾದ ಕೆಂಪು ಹಿಡಿಯ ಚಾಕುವಿನ ಮೂಲ ಅದೇ. ತಾಯಿ ವಿಕ್ಟೋರಿಯಾಳ ಹೆಸರಿಗೆ, ತುಕ್ಕು ಹಿಡಿಯದ ಉಕ್ಕಿಗಿರುವ ‘ಇನಾಕ್ಸ್’ ಎಂಬ ಫ್ರೆಂಚ್ ಹೆಸರು ಸೇರಿ ‘ವಿಕ್ಟೋರಿನಾಕ್ಸ್’ ಆಯಿತು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯದೊಂದು ಫಿಯಟ್ ಕಾರಿನಲ್ಲಿ ಯೂರೋಪನ್ನು ಸುತ್ತುವಾಗ, ಕೆಡುವ ಕಾರಿಗೂ ಸೋರುವ ಕೊಳಾಯಿಗಳಿಗೂ ತನ್ನ ಜೇಬಿನ ಚಾಕು ಸಾಲದೆಂದು ಕಂಡು, ಇಕ್ಕಳವನ್ನೇ ಮುಖ್ಯವಾಗಿಟ್ಟುಕೊಂಡ ಮಡಿಸುವ ಸಾಧನವನ್ನು ಯೋಚಿಸಿದನು. ಅದು ಮಾರಾಟಕ್ಕೆ ಬಂದುದು 1983ರಲ್ಲಿ.

ಇವುಗಳಲ್ಲಿ ಯಾವುದು ಬೇಕು? ಮೋಟಾರು ಬೈಸಿಕಲ್, ಪಂಪುಸೆಟ್ಟುಗಳ ಒಡೆಯನಿಗೆ ಇಕ್ಕಳವುಳ್ಳದ್ದು ಉಪಯುಕ್ತ. ಬೆಟ್ಟ ಹತ್ತುವವನಿಗೂ ಗೃಹಿಣಿಯ ಕೈಚೀಲಕ್ಕೂ ಒಂದು ಅಲಗು, ಒಂದು ಕತ್ತರಿ, ಒಂದು ಚಿಮಟ ಇದ್ದರೆ ಮಿಗಿಲಾಯಿತು. ಕತ್ತರಿಯೇ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬರುವುದೆಂಬುದು ನಮ್ಮ ಅಭಿಪ್ರಾಯ. ಮೂವತ್ತು ಬಗೆಯ ಉಪಕರಣಗಳುಳ್ಳ ಇಟ್ಟಿಗೆಯಂತಹ ವಸ್ತುವನ್ನು ಕೊಂಡವನು ಮೂರನೆಯ ವಾರ ಅದನ್ನು ಮೇಜಿನ ಸೆಳೆಖಾನೆಗೆ ಹಾಕುತ್ತಾನೆ.

ಮೊಂಡು ಚಾಕುವೇ ಹರಿತವಾದುದಕ್ಕಿಂತ ಅಪಾಯಕರ. ಬಲವಾಗಿ ಒತ್ತಬೇಕಾಗುವುದರಿಂದ ಅದು ಜಾರಿ ಕೈಗೆ ನೆಡುತ್ತದೆ. ಮೆಟ್ಟಿಲಿನ ಒರಟು ಕಲ್ಲಿಗೆ ತಿಕ್ಕಿದರೆ ಬಾಯಿ ಹಲ್ಲುಹಲ್ಲಾಗುವುದು. ನಯವಾದ ಸಾಣೆಕಲ್ಲಿಗೆ ನೀರು ಚಿಮುಕಿಸಿ, ಅಲಗಿನ ಬೆನ್ನನ್ನು ಸ್ವಲ್ಪವೇ ಎತ್ತಿ, ಅಂದರೆ ಇಪ್ಪತ್ತು ಡಿಗ್ರಿ ಮೀರದಂತೆ, ಎರಡು ಪಕ್ಕಗಳನ್ನೂ ಸಮವಾಗಿ ತೇಯಬೇಕು. ಬೀದಿಯಲ್ಲಿ ಬರುವ ಸಾಣೆಯವನ ಚಕ್ರಕ್ಕೆ ಕೊಡುವಾಗ ನಡುನಡುವೆ ನೀರಿಗದ್ದುವಂತೆ ಹೇಳಿರಿ. ಅಂಚು ನೀಲಿಯಾಗಿ ತಿರುಗಿದರೆ ಅಲಗಿನ ಹದ ಹೋಯಿತೆಂದೇ ತಿಳಿಯಬೇಕು. ಮತ್ತೆ ಅದು ಹರಿತವನ್ನು ಹಿಡಿದಿಡಲಾರದು.

ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುವುದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಜಗಳದ ಮಾತು ಹೇಗಾದರೂ ಇರಲಿ, ನೆಲದ ಮೇಲಿಟ್ಟ ಕತ್ತಿಯಿಂದ ಯಾರ ಅಂಗೈಯೂ ಸೀಳಲಿಲ್ಲ. ಆದರೂ ಗಾಯವಾದಲ್ಲಿ ಕಾಫಿಪುಡಿಯನ್ನೋ ಅರಿಸಿನವನ್ನೋ ತುಂಬದೆ, ಶುದ್ಧವಾದ ನೀರಿನಿಂದ ತೊಳೆದು, ಒಗೆದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಬೇಕು. ಆಗಲೂ ರಕ್ತ ನಿಲ್ಲದಿದ್ದರೆ, ಗಾಯ ಆಳವಾಗಿದ್ದರೆ, ಇಲ್ಲವೆ ಬೆರಳು ಮರಗಟ್ಟಿದಂತಾದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು. ಧನುರ್ವಾಯುವಿನ ಚುಚ್ಚುಮದ್ದನ್ನು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂಬುದನ್ನೂ ಅಲ್ಲಿ ಹೇಳಬೇಕು.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಮನೆಯ ಕತ್ತಿಗಳಿಗೆ ಸ್ನಾನವಾಗುವುದುಂಟು. ಬಳಸಿದ ದಿನದಲ್ಲೆಲ್ಲ ತೊಳೆದು ಒಣಬಟ್ಟೆಯಿಂದ ಒರಸಿದರೆ ಅಂದು ಇಷ್ಟು ತಿಕ್ಕಬೇಕಾಗಿಯೇ ಇಲ್ಲ. ಮಡಿಸುವ ಚಾಕುವಿನ ಕೀಲಿಗೆ ಆಗಾಗ ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಬಿಡಿರಿ. ಆಹಾರಕ್ಕೆ ತಾಕುವ ಅಲಗಿಗೆ ಕೊಬ್ಬರಿ ಎಣ್ಣೆಯೇ ಸಾಕು. ಬಹುಕಾಲ ಬಳಸದೆ ಇಡುವುದಾದರೆ ಚರ್ಮದ ಒರೆಯಿಂದ ಹೊರಗೆ ತೆಗೆದಿಡುವುದು ಒಳ್ಳೆಯದು. ಚರ್ಮವು ತೇವವನ್ನು ಹಿಡಿದು ಒರೆಯೊಳಗೇ ಅಲಗನ್ನು ತುಕ್ಕಾಗಿಸುವುದು. ಈಳಿಗೆಮಣೆಯ ಅಲಗು ಮಡಿಸುವಂತಹುದಾದರೆ ಕೆಲಸವಾದೊಡನೆ ಮಡಿಸಿರಿ, ಇಲ್ಲವಾದರೆ ಗೋಡೆಯ ಕಡೆಗೆ ಮುಖಮಾಡಿ, ಅಂಬೆಗಾಲಿನ ಮಗುವಿನ ಕೈಗೆ ನಿಲುಕದ ಎತ್ತರದಲ್ಲಿಡಿರಿ.